ಮಾಯಕೊಂಡದಲ್ಲಿ ಗೆದ್ದವರು ಏನು ಗೆದ್ದರು?

1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದ ಹಿರೇ ಮದಕರಿನಾಯಕ ಆನೆಯ ಮೇಲೆ ಕೂತಿದ್ದಂತೆಯೇ ಹತನಾದ. ಅವನನ್ನು ಕೊಂದವನು ಹರಪನಹಳ್ಳಿಯ ಸೋಮಶೇಖರನಾಯಕ. ಪಾಳೆಯಗಾರರ ಇತಿಹಾಸ ಬರೆದವರೆಲ್ಲ ಈ ಸಂಗತಿಯನ್ನು ಹೇಳುತ್ತಾರೆ. ಅದರ ಜೊತೆಗೇ ಇನ್ನೊಂದು ಸಂಗತಿಯೂ ಬರುತ್ತದೆ, ಅದನ್ನು ನಾವು ಬೇಗ ದಾಟಿಬಿಡುತ್ತೇವೆ. ಸೋಮಶೇಖರನಾಯಕ ಆ ಬಯಲಿಗೆ ಒಬ್ಬನೇ ಹೋಗಿರಲಿಲ್ಲ. ಬಿದನೂರಿನ ಪಡೆ, ರಾಯದುರ್ಗದ ಪಡೆ, ಸವಣೂರು ನವಾಬನ ಪಡೆ ಅವನ ಜೊತೆಗಿದ್ದವು. ಚಿತ್ರದುರ್ಗದ ಕಡೆಗೂ ಹೊರಗಿನವನೊಬ್ಬ ಬಂದು ಕೂಡಿಕೊಂಡಿದ್ದ. ಸಾತಾರದಲ್ಲಿ ಮರಾಠರ ಸೆರೆಯಿಂದ ಬಿಡುಗಡೆಯಾಗಿ ದಕ್ಷಿಣದ ಹಾದಿ ಹಿಡಿದಿದ್ದ ಚಂದಾ ಸಾಹೇಬನೇ ಅವನು. ಆ ಕಾಳಗದಲ್ಲಿ ಚಂದಾ ಸಾಹೇಬ ಮಗನನ್ನು ಕಳೆದುಕೊಂಡ, ತಾನೂ ಬಿದನೂರಿನವರ ಕೈಗೆ ಸಿಕ್ಕಿಬಿದ್ದ.

ಹಡಗಲಿ ತಾಲ್ಲೂಕಿನ ಇಟ್ಟಿಗಿಯವರಿಗೆ ಇದು ಪರದೇಶದ ಕತೆಯಲ್ಲ. ಹರಪನಹಳ್ಳಿ ಪಕ್ಕದ ಸೀಮೆ. ಕೊಟ್ಟೂರು ದಾಟಿ ಕೂಡ್ಲಿಗಿ ಕಡೆ ನಡೆದರೆ ಜರಿಮಲೆ, ಗುಡೇಕೋಟೆಯ ಪಾಳೆಯಪಟ್ಟುಗಳು. ಪಶ್ಚಿಮಕ್ಕೆ ತುಂಗಭದ್ರೆಯ ಆಚೆ ದಡದಿಂದ ಮುಂದಕ್ಕೆ ಸವಣೂರಿನ ನಾಡು. ಮಾಯಕೊಂಡಕ್ಕೆ ಹೊರಟ ದಂಡುಗಳ ಹಾದಿಯಲ್ಲಿ, ಆ ದಂಡುಗಳಿಗೆ ಜೋಳ-ಮೇವು ಹೊಂದಿಸಿ ಕೊಟ್ಟ ಹಳ್ಳಿಗಳ ನಡುವೆ ನಾವು ಬದುಕುತ್ತಿದ್ದೇವೆ. ಹಾಗಿದ್ದೂ ಆ ಕಾಲವನ್ನು ನಾವು ಇಬ್ಬರ ಜಗಳದ ಹಾಗೆ ಓದುತ್ತೇವೆ: ದುರ್ಗದವರು ಮತ್ತು ಹರಪನಹಳ್ಳಿಯವರು, ಹೈದರ್ ಮತ್ತು ಮದಕರಿ. ಅಲ್ಲಿ ಯಾವತ್ತೂ ಇಬ್ಬರೇ ಇರಲಿಲ್ಲ. ಏಳೆಂಟು ಜನ ಒಂದೇ ನೆಲದ ಮೇಲೆ ಕೂತು, ಒಬ್ಬರೊಡನೆ ಮಾತಾಡುತ್ತ ಇನ್ನೊಬ್ಬರ ಕಡೆ ಕಣ್ಣಿಟ್ಟಿದ್ದರು. ಇಬ್ಬರ ಕಾಳಗಕ್ಕೂ ಏಳು ಜನರ ಕಾಳಗಕ್ಕೂ ಇರುವ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ನನಗೆ ಸ್ಪಷ್ಟಪಡಿಸಿದ್ದು ಒಂದು ಹಲಗೆಯಾಟ.

ಆಟದ ಹೆಸರು ಡಿಪ್ಲೊಮಸಿ. ಅಮೆರಿಕದ ಅಲನ್ ಕ್ಯಾಲಮರ್ ಅದನ್ನು 1954ರಲ್ಲಿ ರೂಪಿಸಿದ. ಪ್ರಕಾಶಕರು ಸಿಗಲಿಲ್ಲ, 1959ರಲ್ಲಿ ಸ್ವಂತ ಖರ್ಚಿನಲ್ಲಿ 500 ಪ್ರತಿ ಮಾಡಿಸಿದ. ಹಾರ್ವರ್ಡಿನಲ್ಲಿ ಓದುವಾಗ ಮೊದಲ ಮಹಾಯುದ್ಧ ಹುಟ್ಟಿದ ಬಗೆಯನ್ನು ಕುರಿತ ಸಿಡ್ನಿ ಫೇ ಅವರ ಇತಿಹಾಸ ಗ್ರಂಥ ಅವನ ತಲೆಯಲ್ಲಿ ಕೂತಿತ್ತು. ಮುಂದೆ ಬಹಳ ವರ್ಷ ಅಂಚೆಯವನಾಗಿ ಕೆಲಸ ಮಾಡಿ 2013ರಲ್ಲಿ ತೀರಿಕೊಂಡ. 1901ರ ಯುರೋಪಿನ ನಕ್ಷೆ, ಏಳು ರಾಜ್ಯ, ಏಳು ಜನ ಆಟಗಾರರು. ನಕ್ಷೆಯಲ್ಲಿ 34 ನೆಲೆಗಳಿವೆ. ಎಷ್ಟು ನೆಲೆ ನಿಮ್ಮವೋ ಅಷ್ಟು ಪಡೆ ನಿಮಗೆ. 18 ನೆಲೆ ಹಿಡಿದವನು ಗೆದ್ದ.

ಈ ಆಟದಲ್ಲಿ ದಾಳವಿಲ್ಲ, ಕವಡೆಯಿಲ್ಲ. ಯಾರಿಗೆ ಯಾವ ರಾಜ್ಯ ಎಂದು ಚೀಟಿ ಎತ್ತುವುದರೊಂದಿಗೆ ಅದೃಷ್ಟದ ಪಾತ್ರ ಮುಗಿಯಿತು. ಎಲ್ಲ ಪಡೆಗಳ ಬಲವೂ ಒಂದೇ. ನಿಮ್ಮ ಒಂದು ಪಡೆ ಪಕ್ಕದವನ ಒಂದು ಪಡೆಯ ಮೇಲೆ ಬಿದ್ದರೆ ಇಬ್ಬರೂ ಇದ್ದಲ್ಲೇ ಇರುತ್ತಾರೆ. ಅವನನ್ನು ಕದಲಿಸಬೇಕಾದರೆ ಇನ್ನೊಂದು ಪಡೆ ನಿಮ್ಮ ಬೆನ್ನಿಗೆ ನಿಲ್ಲಬೇಕು. ಆ ಬೆನ್ನಾಸರೆ ನಿಮ್ಮದೇ ಪಡೆಯಿಂದ ಬರಬಹುದು, ನೆರೆಯವನ ಪಡೆಯಿಂದಲೂ ಬರಬಹುದು. ನಮ್ಮ ಹುಲಿ-ಕುರಿ ಆಟ ಆಡಿದವರಿಗೆ ಇದು ತಕ್ಷಣ ಹಿಡಿಯುತ್ತದೆ. ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಹಾರುತ್ತದೆ, ಅಲ್ಲಿ ಇನ್ನೊಂದು ಕುರಿ ನಿಂತಿದ್ದರೆ ಹಾರಲಾರದು. ಡಿಪ್ಲೊಮಸಿಯಲ್ಲಿ ಪ್ರತಿಯೊಬ್ಬನೂ ಒಂದು ಗಳಿಗೆ ಹುಲಿ, ಇನ್ನೊಂದು ಗಳಿಗೆ ಕುರಿ. ಶುರುವಿನಲ್ಲಿ ಎಲ್ಲರಿಗೂ ಮೂರು ಪಡೆ, ರಷ್ಯಕ್ಕೆ ಮಾತ್ರ ನಾಲ್ಕು. ಇಷ್ಟೇ ಪಡೆಯಲ್ಲಿ ಸುತ್ತಲೂ ಗಡಿ ಕಾಯುತ್ತ ದಾಳಿಯನ್ನೂ ಮಾಡುವುದು ಲೆಕ್ಕಕ್ಕೆ ಕೂಡಿಬರುವುದಿಲ್ಲ. ಆದ್ದರಿಂದ ಮೈತ್ರಿ ಇಲ್ಲಿ ಸೌಜನ್ಯದ ಮಾತಲ್ಲ, ಗಣಿತ.

ಪ್ರತಿ ಸುತ್ತಿಗೆ ಮೊದಲು ಮಾತುಕತೆ. ಇಬ್ಬಿಬ್ಬರು ಮೂಲೆಗೆ ಹೋಗಿ ಪಿಸುಗುಟ್ಟುತ್ತಾರೆ, ಮೂರನೆಯವನು ದೂರದಿಂದ ನೋಡುತ್ತಾನೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಆಜ್ಞೆಗಳನ್ನು ಗುಟ್ಟಾಗಿ ಚೀಟಿಯಲ್ಲಿ ಬರೆಯುತ್ತಾರೆ. ಎಲ್ಲ ಚೀಟಿಗಳೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಕೊಟ್ಟ ಮಾತನ್ನು ನಡೆಸಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಆಟದ ಜೀವ ಇರುವುದೇ ಇಲ್ಲಿ.

ನಮ್ಮ ಕಡೆಯ ಆಟಗಳಲ್ಲಿ ಇದರ ಬೀಜಗಳು ಇಲ್ಲದಿಲ್ಲ. ಪಗಡೆಯಲ್ಲಿ ಎದುರುಬದುರು ಕೂತವರು ಜೊತೆಗಾರರು, ಆ ಜೋಡಿ ಕೊನೆಯವರೆಗೂ ಕದಲುವುದಿಲ್ಲ. ಗುಡಿಕಟ್ಟೆಯ ಕಲ್ಲಿನ ಮೇಲೆ ಗೀಚಿ ಆಡುವ ಚೌಕಾಬಾರ ಬೇರೆ ಥರ. ನಾಲ್ಕು ಜನ, ನಾಲ್ಕೂ ಬೇರೆ ಬೇರೆ. ಕನಿಷ್ಠ ಒಬ್ಬರ ಕಾಯಿಯನ್ನು ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆ ಇದೆ. ಅಂದರೆ ಯಾರ ತಂಟೆಗೂ ಹೋಗದೆ ಗೆಲ್ಲಲು ಆಗದು, ಯಾರನ್ನು ಕಡಿಯಬೇಕು ಎಂಬುದನ್ನು ಮಾತ್ರ ಆರಿಸಿಕೊಳ್ಳಬಹುದು. ಹಂಪಿಯ ಮಂಟಪಗಳ ನೆಲಗಲ್ಲುಗಳ ಮೇಲೆ ಇಂಥ ಮನೆಗಳು ಇವತ್ತಿಗೂ ಕಾಣುತ್ತವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ನಡುವೆ ಚದುರಂಗಕ್ಕೂ ಪಗಡೆಗೂ ಜಾಗವಿದೆ. ಆಟವನ್ನು ಕಾಲಹರಣ ಎಂದು ತಳ್ಳಿಹಾಕಿದ ನಾಡು ನಮ್ಮದಲ್ಲ.

ಈಗ ನಮ್ಮ ನಕ್ಷೆಗೆ ಬರೋಣ. 1748ರ ಹೊತ್ತಿಗೆ ಈ ಭಾಗದ ನೆಲದ ಮೇಲೆ ಕೂತಿದ್ದವರನ್ನು ಎಣಿಸಿದರೆ ಏಳು ಕೈ ಸಿಗುತ್ತವೆ: ಚಿತ್ರದುರ್ಗ, ಹರಪನಹಳ್ಳಿ, ಬಿದನೂರು, ರಾಯದುರ್ಗ, ಸವಣೂರು, ಶಿರಾ, ಗುತ್ತಿ. ಇವರ ಬೆನ್ನ ಹಿಂದೆ ದೊಡ್ಡ ನೆರಳುಗಳಿದ್ದವು. ಉತ್ತರದಲ್ಲಿ ಪೇಶ್ವೆ, ಪೂರ್ವದಲ್ಲಿ ನಿಜಾಮ.

ಡಿಪ್ಲೊಮಸಿ ಆಡುವವರು ಮೊದಲು ನೋಡುವುದು ಯಾರು ಮೂಲೆಯಲ್ಲಿದ್ದಾರೆ, ಯಾರು ನಡುವೆ ಸಿಕ್ಕಿದ್ದಾರೆ ಎಂಬುದನ್ನು. ಇಂಗ್ಲೆಂಡ್, ಟರ್ಕಿ ಮೂಲೆಯವು. ಅವನ್ನು ಕೆಡವುವುದು ಕಷ್ಟ. ಆಸ್ಟ್ರಿಯ ನಡುವಿನದು, ಮೊದಲ ಕೆಲವು ಸುತ್ತಿನಲ್ಲಿ ನೆರೆಯವರು ಒಂದಾದರೆ ಅದರ ಕತೆ ಮುಗಿಯಿತು. ನಮ್ಮ ನಕ್ಷೆಯಲ್ಲಿ ಮೂಲೆಯ ದೊರೆ ಬಿದನೂರು: ಬೆನ್ನಿಗೆ ಘಟ್ಟ, ಅದರಾಚೆ ಕಡಲು, ಮೆಣಸು-ಅಡಿಕೆಯ ವ್ಯಾಪಾರದ ಹಣ. ಹರಪನಹಳ್ಳಿ ನಟ್ಟನಡುವಿನದು. ದಕ್ಷಿಣಕ್ಕೆ ಚಿತ್ರದುರ್ಗ, ಪಶ್ಚಿಮಕ್ಕೆ ಹೊಳೆ ದಾಟಿದರೆ ಸವಣೂರು, ನೈಋತ್ಯಕ್ಕೆ ಬಿದನೂರು, ಪೂರ್ವದ ಕಡೆಗೆ ರಾಯದುರ್ಗ. ಇಂಥ ಜಾಗದಲ್ಲಿ ಕೂತವನಿಗೆ ಮೈತ್ರಿ ಇಲ್ಲದೆ ಒಂದು ವರ್ಷವೂ ಕಳೆಯದು. ಹರಪನಹಳ್ಳಿ ಮನೆತನದ ಮೂಲಪುರುಷ ದಾದಯ್ಯನಾಯಕ ಚಿತ್ರದುರ್ಗದಿಂದಲೂ ಜರಿಮಲೆಯಿಂದಲೂ ಹೆಣ್ಣು ತಂದ ಎನ್ನುತ್ತದೆ ಮನೆತನದ ಕತೆ. ನಡುವಿನವನು ಮೊದಲ ಹೆಜ್ಜೆಯಲ್ಲೇ ಎರಡು ಗಡಿಗಳಲ್ಲಿ ಬೀಗತನ ಕಟ್ಟಿಕೊಂಡ. ಅದು ಸರಿಯಾದ ನಡೆ. ಆದರೆ ತಲೆಮಾರುಗಳು ಕಳೆದಂತೆ ಬೀಗತನದ ಬಿಸಿ ಆರುತ್ತದೆ, ಗಡಿಯ ಜಗಳದ ಬಿಸಿ ಆರುವುದಿಲ್ಲ.

ನೆರೆಯವನು ಹಗೆ, ನೆರೆಯವನ ನೆರೆಯವನು ಗೆಳೆಯ. ಕೌಟಿಲ್ಯನ ಮಂಡಲ ಸಿದ್ಧಾಂತದ ತಿರುಳು ಇದು. ಆ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ, ಜಗತ್ತಿಗೆ ಮರಳಿ ಕೊಟ್ಟವರು ನಮ್ಮ ಆರ್. ಶಾಮಶಾಸ್ತ್ರಿಗಳು. ಕೌಟಿಲ್ಯ ಹನ್ನೆರಡು ರಾಜರ ಮಂಡಲ ಹೇಳುತ್ತಾನೆ. ಮುಂದಿರುವ ಅರಿ, ಅವನಾಚೆಯ ಮಿತ್ರ, ಹಿಂದಿನಿಂದ ಹಿಮ್ಮಡಿ ಹಿಡಿಯುವ ಪಾರ್ಷ್ಣಿಗ್ರಾಹ, ಎಲ್ಲರಿಗಿಂತ ಬಲವಾಗಿದ್ದು ದೂರ ನಿಂತ ಉದಾಸೀನ. ಮಾಯಕೊಂಡದ ಕೂಟವನ್ನು ಈ ಮಂಡಲದ ಮೇಲೆ ಇಟ್ಟು ನೋಡಿ. ಚಿತ್ರದುರ್ಗದ ಸುತ್ತಲಿನ ನೆರೆಯವರು ಒಂದಾಗಿ ಬಂದಿದ್ದಾರೆ. ಚಿತ್ರದುರ್ಗ ಬೆಳೆದಿತ್ತು, ಬೆಳೆದವನ ಮೇಲೆ ಉಳಿದವರು ಕೂಡುವುದು ಸಹಜ. ಡಿಪ್ಲೊಮಸಿಯಲ್ಲೂ ಮುಂದೆ ಓಡುತ್ತಿರುವವನನ್ನು ಹಿಂದಿನವರು ಸೇರಿ ಎಳೆಯುತ್ತಾರೆ. ಇಲ್ಲಿಯವರೆಗೆ ಸೋಮಶೇಖರನಾಯಕನ ಆಟದಲ್ಲಿ ತಪ್ಪು ಹುಡುಕಲು ನನಗೆ ಆಗದು.

ಹಾಗಾದರೆ ಗೆದ್ದವರಿಗೆ ಸಿಕ್ಕಿದ್ದೇನು? ಚಿತ್ರದುರ್ಗ ಬಗ್ಗಿತು, ಮುರಿಯಲಿಲ್ಲ. ಮುಂದೆ ಪಟ್ಟಕ್ಕೆ ಬಂದ ಕಸ್ತೂರಿ ರಂಗಪ್ಪನಾಯಕ ಶಿರಾದ ಸುಬೇದಾರನ ಸ್ನೇಹ ಗಳಿಸಿಕೊಂಡ. ಸೆರೆಸಿಕ್ಕ ಚಂದಾ ಸಾಹೇಬ ಹೇಗೋ ಬಿಡಿಸಿಕೊಂಡು, 1749ರ ಆಂಬೂರು ಕದನದ ಬಳಿಕ ಫ್ರೆಂಚರ ಬಲದಿಂದ ಆರ್ಕಾಟಿನ ನವಾಬನಾಗಿ ನಿಂತ. ಅಲ್ಲಿಂದ ಇಂಗ್ಲಿಷರ, ಫ್ರೆಂಚರ ಎರಡನೆಯ ಕರ್ನಾಟಕ ಯುದ್ಧ ಹೊತ್ತಿಕೊಂಡಿತು. ಅದೇ 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಮೈಸೂರಿನ ದಂಡಿನ ಒಬ್ಬ ಸಾಮಾನ್ಯ ಸೈನಿಕ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದ. ಅವನು ಹೈದರ್ ಅಲಿ. ಮಾಯಕೊಂಡದ ಕಾಲಕ್ಕೆ ಏಳು ಜನ ಒಬ್ಬರನ್ನೊಬ್ಬರು ಅಳೆಯುತ್ತಿದ್ದಾಗ ಅವನಿಗೆ ಆ ನಕ್ಷೆಯಲ್ಲಿ ಒಂದು ನೆಲೆಯೂ ಇರಲಿಲ್ಲ.

ಮುಂದಿನದನ್ನು ವರ್ಷಗಳೇ ಹೇಳುತ್ತವೆ. 1761ರಲ್ಲಿ ಶಿರಾ ಹೈದರನ ಪಾಲಾಯಿತು. 1763ರಲ್ಲಿ ಬಿದನೂರು, 1776ರಲ್ಲಿ ಮುರಾರಿರಾವ್ ಘೋರ್ಪಡೆಯ ಗುತ್ತಿ, 1779ರಲ್ಲಿ ಚಿತ್ರದುರ್ಗ ಬಿದ್ದವು. ಉಳಿದ ರಾಯದುರ್ಗ ಮತ್ತು ಹರಪನಹಳ್ಳಿಯ ಪಾಳೆಯಗಾರರು ಹೈದರನಿಗೆ ಕಪ್ಪ ಕೊಟ್ಟು ಉಳಿದುಕೊಂಡಿದ್ದರು. ಟಿಪ್ಪು ಮರಾಠರೊಡನೆ ಯುದ್ಧ ಮುಗಿಸಿ 1787ರ ಸುಮಾರಿಗೆ ಹಿಂದಿರುಗುವಾಗ ಅವರಿಬ್ಬರನ್ನೂ ಸೆರೆಹಿಡಿದು ಕೋಟೆಗಳನ್ನು ವಶಮಾಡಿಕೊಂಡ. ಏಳು ಕೈಗಳಲ್ಲಿ ಆರು ಹೋದವು, ನಲವತ್ತು ವರ್ಷದೊಳಗೆ.

ಈ ಸಾಲಿನಲ್ಲಿ ತಿರುವು ಎಂದರೆ 1763. ಬಿದನೂರಿನಲ್ಲಿ ರಾಣಿ ವೀರಮ್ಮಾಜಿ ಆಳುತ್ತಿದ್ದಳು. ಸತ್ತನೆಂದು ಎಲ್ಲರೂ ನಂಬಿದ್ದ, ಆ ಪಟ್ಟದ ಹಕ್ಕುದಾರ ಚೆನ್ನಬಸಪ್ಪನಾಯಕ ತಾನೇ ಎಂದು ಹೇಳಿಕೊಂಡು ಒಬ್ಬ ಯುವಕ ಚಿತ್ರದುರ್ಗಕ್ಕೆ ಬಂದ. ಚಿತ್ರದುರ್ಗದ ಕಡೆಯ ಮದಕರಿನಾಯಕ ಅವನನ್ನು ಹೈದರನ ಮುಂದೆ ನಿಲ್ಲಿಸಿದ. ಮಾಯಕೊಂಡದ ಹಗೆ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಅವನಿಗೆ ಕಂಡಿರಲಾರದು. ಹೈದರ್ ನುಗ್ಗಿದ, ಬಿದನೂರು ಬಿತ್ತು, ಆ ಯುವಕನಿಗೆ ಪಟ್ಟ ಸಿಗಲಿಲ್ಲ. ಹೈದರನಿಗೆ ಸಿಕ್ಕಿದ್ದು ಬಿದನೂರಿನ ಭಂಡಾರ ಮತ್ತು ಕಡಲ ದಾರಿ. ತನ್ನ ಏಳಿಗೆಗೆ ಬಿದನೂರೇ ಬುನಾದಿ ಎಂದು ಅವನೇ ಹೇಳುತ್ತಿದ್ದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಮೂಲೆಯ ದೊರೆ ಸುಲಭಕ್ಕೆ ಬೀಳುವುದಿಲ್ಲ ಎಂದೆ. ಮನೆಯೊಳಗೆ ಪಟ್ಟದ ಜಗಳ ಎದ್ದಾಗ, ನೆರೆಯವನೇ ದಾರಿ ತೋರಿಸಿದಾಗ ಘಟ್ಟವೂ ಕಾಯುವುದಿಲ್ಲ.

ಆಟದ ಮೇಜಿನಲ್ಲಿ ಇದನ್ನು ಮತ್ತೆ ಮತ್ತೆ ಕಾಣಬಹುದು. ಹೊಸ ಆಟಗಾರ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇವನನ್ನು ಸೋಲಿಸಲು ನನಗೆ ಯಾರು ನೆರವಾಗುತ್ತಾರೆ? ಪಳಗಿದವನು ಇನ್ನೊಂದನ್ನು ಮೊದಲು ಕೇಳಿಕೊಳ್ಳುತ್ತಾನೆ: ಇವನು ಸೋತರೆ ಅವನ ನೆಲೆಗಳು ಯಾರ ಕೈಗೆ ಹೋಗುತ್ತವೆ? ನನಗೆ ನೆರವಾದವನು ನನಗಿಂತ ಎರಡು ಪಟ್ಟು ಬೆಳೆದರೆ ನಾನು ಗೆದ್ದದ್ದಲ್ಲ, ನನ್ನ ಸರದಿಯನ್ನು ಹತ್ತಿರ ತಂದುಕೊಂಡದ್ದು. ನಮ್ಮ ಪಾಳೆಯಗಾರರು ಶೂರರಾಗಿದ್ದರು, ಕೋಟೆ-ಕೆರೆ ಕಟ್ಟಿದರು, ಸಾಯಲು ಹೆದರಲಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಮಾತ್ರ ಅವರು ಸಾಕಷ್ಟು ಸಲ ಕೇಳಿಕೊಳ್ಳಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮದಕರಿನಾಯಕನ ಮುಂದಿನ ನಡೆಗಳು ಇನ್ನಷ್ಟು ನೋವು ಕೊಡುತ್ತವೆ. 1770ರಲ್ಲಿ ಪೇಶ್ವೆ ಮಾಧವರಾವ್ ತಿಂಗಳುಗಟ್ಟಲೆ ಮುತ್ತಿದರೂ ಮಣಿಯದ ನಿಜಗಲ್ಲಿನ ಕೋಟೆಯನ್ನು ಏರಿ ಗೆದ್ದುಕೊಟ್ಟವರು ಚಿತ್ರದುರ್ಗದ ಬೇಡಪಡೆಯವರು. ಅದು ಹೈದರನ ಕೋಟೆ. ಏಳು ವರ್ಷದ ಹಿಂದಿನ ಮಿತ್ರ ಈಗ ಎದುರು ಪಾಳೆಯದಲ್ಲಿದ್ದ. 1777ರಲ್ಲಿ ಮರಾಠರೂ ನಿಜಾಮನೂ ಕೂಡಿ ಹೈದರನ ಮೇಲೆ ಬರುತ್ತಿದ್ದಾರೆಂಬ ಸುದ್ದಿ ಹರಡಿದಾಗ ದುರ್ಗ ಯಾವ ಕಡೆಗೂ ವಾಲದೆ ಕಾದು ನೋಡಿತು. ಹೈದರ್ ಮುತ್ತಿಗೆ ಹಾಕಿದ, ಕೋಟೆ ಬಗ್ಗಲಿಲ್ಲ, ದಂಡ ಕಟ್ಟುವ ಮಾತಿನ ಮೇಲೆ ರಾಜಿಯಾಯಿತು. ಮತ್ತೆ 1779ರಲ್ಲಿ ಬಂದಾಗ ಕೋಟೆ ಒಳಗಿನವರ ದ್ರೋಹದಿಂದ ಬಿತ್ತು. ಒನಕೆ ಓಬವ್ವನ ಕತೆ ಮಕ್ಕಳಿಗೂ ಬಾಯಿಪಾಠ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತ.ರಾ.ಸು. ಅವರ 'ದುರ್ಗಾಸ್ತಮಾನ' ಓದಿ ಅತ್ತವರು ನಮ್ಮಲ್ಲಿ ಎಷ್ಟೋ ಮಂದಿ. ಕಿಂಡಿಯಲ್ಲಿ ಶತ್ರು ನುಸುಳುವ ಹೊತ್ತಿಗೆ ದುರ್ಗದ ಬೆನ್ನಿಗೆ ನಿಲ್ಲಲು ಸುತ್ತಲಿನ ಒಂದು ಪಾಳೆಯಪಟ್ಟೂ ಬರಲಿಲ್ಲ ಎಂಬ ಮಾತನ್ನು ಆಡುವವರು ಕಡಿಮೆ.

ದುರ್ಗ ಕೆಟ್ಟದ್ದು ಮಾತು ತಪ್ಪಿದ್ದರಿಂದ ಎಂದು ಹೇಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಆ ಕಾಲದಲ್ಲಿ ಮಾತು ತಪ್ಪದವರು ಯಾರಿದ್ದರು? 1779ರಲ್ಲೇ ಹೈದರ್ ಸವಣೂರು ನವಾಬನ ಮನೆಗೆ ಹೆಣ್ಣು ಕೊಟ್ಟು, ಅವರ ಮನೆಯ ಹೆಣ್ಣನ್ನು ತನ್ನ ಮಗನಿಗೆ ತಂದು ಜೋಡಿ ಮದುವೆ ಮಾಡಿದ. 1786ರ ಯುದ್ಧದಲ್ಲಿ ನವಾಬ ಮರಾಠರ ಕಡೆ ನಿಂತ, ಟಿಪ್ಪು ಸವಣೂರಿಗೆ ನುಗ್ಗಿದ. ಬೀಗತನ ಏಳು ವರ್ಷ ಬಾಳಿತು. ಪಾಳೆಯಗಾರನ ಸಂಕಟವನ್ನೂ ನೋಡಬೇಕು. ಮರಾಠರು ಬಂದರೆ ಅವರಿಗೆ ಚೌತ್, ನಿಜಾಮನಿಗೆ ಪೇಶ್‌ಕಶ್, ಮೈಸೂರು ಬಲವಾದಾಗ ಅದಕ್ಕೂ ಕಪ್ಪ. ಮೂವರಿಗೂ ತಲೆಬಾಗಿದವನಿಗೆ ಯಾರೊಬ್ಬರೂ ಗೆಳೆಯರಾಗುವುದಿಲ್ಲ. ದುರ್ಗದ ತೊಡಕು ಅಲ್ಲಿತ್ತು. ಎರಡೂ ಕಡೆ ಬಾಗಿಲು ತೆರೆದಿಟ್ಟು ಕಾದವನನ್ನು ಹೈದರ್ ಹಗೆ ಎಂದು ಎಣಿಸಿದ, ಪೇಶ್ವೆಗಳ ಕಡೆಯವರು ತಮ್ಮವನೆಂದು ಎಣಿಸಲಿಲ್ಲ. ಕೌಟಿಲ್ಯನ ಆರು ಗುಣಗಳಲ್ಲಿ ಸುಮ್ಮನೆ ಕೂರುವ ಆಸನವೂ ಒಂದು ಉಪಾಯವೇ. ಕೂರುವವನಿಗೆ ತನ್ನಷ್ಟಕ್ಕೆ ನಿಲ್ಲುವ ಬಲ ಇರಬೇಕು ಅಷ್ಟೆ.

ಉಳಿದುಕೊಂಡ ಏಳನೆಯ ಕೈ ಸವಣೂರು. ಅದರ ನೆಲ ಕರಗಿ ಕರಗಿ ಕೆಲವೇ ಹಳ್ಳಿಗಳಿಗೆ ಇಳಿಯಿತು. ಆದರೆ ಮರಾಠರ ಆಸರೆ, ಆಮೇಲೆ ಕಂಪನಿಯ ಆಸರೆ ಹಿಡಿದು ಸಂಸ್ಥಾನವೆಂಬ ಹೆಸರಿನಲ್ಲಿ 1948ರವರೆಗೂ ಬದುಕಿತು. ನಮ್ಮ ಭಾಗದ ನಕ್ಷೆ ಯಾರ ಪಾಲಾಯಿತು? 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬಳ್ಳಾರಿ ಸೀಮೆ ನಿಜಾಮನಿಗೆ ಬಂತು. 1800ರಲ್ಲಿ ಅವನು ಅದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ನಿಜಾಮ ಬಿಟ್ಟುಕೊಟ್ಟ ಸೀಮೆಗಳ 80 ಪಾಳೆಯಗಾರರ ಲೆಕ್ಕ ಬರೆದು, ಬಗ್ಗದವರನ್ನು ಓಡಿಸಿ, ಬಗ್ಗಿದವರಿಗೆ ಪಿಂಚಣಿ ಗೊತ್ತುಮಾಡಿದ.

ಆಟದ ಮರದ ತುಂಡುಗಳಿಗೆ ನೋವಿಲ್ಲ. ಇಲ್ಲಿ ಪ್ರತಿ ನಡೆಗೂ ಒಂದು ಹಳ್ಳಿ ಸುಟ್ಟಿತು. ದುರ್ಗ ಬಿದ್ದ ಮೇಲೆ ಹೈದರ್ 20 ಸಾವಿರ ಬೇಡರನ್ನು ಊರು ಬಿಡಿಸಿ ಶ್ರೀರಂಗಪಟ್ಟಣದ ಕಡೆ ಸಾಗಿಸಿದ, ಅವರ ಗಂಡುಮಕ್ಕಳನ್ನು ಚೇಲಾ ಪಡೆಗಳಿಗೆ ಸೇರಿಸಿದ. ಮೈತ್ರಿಯ ಮಾತುಕತೆಯಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಯುದ್ಧತಂತ್ರವನ್ನು ಮೆಚ್ಚಿ ಬರೆಯುವಾಗ ಇದನ್ನು ಮರೆಯುವುದು ಅನ್ಯಾಯ.

ಮೋಸಗಾರನೇ ಇಂಥ ಆಟ ಗೆಲ್ಲುತ್ತಾನೆ ಎಂಬ ಅನುಮಾನ ಓದುಗರಿಗೆ ಬರಬಹುದು. ಮೆಟಾ ಕಂಪನಿಯ ಸಂಶೋಧಕರು 2022ರಲ್ಲಿ ಸಿಸೆರೊ ಎಂಬ ಕಂಪ್ಯೂಟರ್ ಆಟಗಾರನನ್ನು ರೂಪಿಸಿ ಮನುಷ್ಯರೊಡನೆ 40 ಡಿಪ್ಲೊಮಸಿ ಆಟ ಆಡಿಸಿದರು. ಒಂದಕ್ಕಿಂತ ಹೆಚ್ಚು ಆಟ ಆಡಿದವರಲ್ಲಿ ಅದು ಮೇಲಿನ ಶೇ 10ರೊಳಗೆ ಬಂತು. ತಾನು ಮಾಡಹೊರಟ ನಡೆಗೂ ಆಡುವ ಮಾತಿಗೂ ಹೊಂದಿಕೆ ಇರುವಂತೆಯೇ ಅದನ್ನು ಕಟ್ಟಿದ್ದರು. ಅದಕ್ಕೆ ಕಾರಣ ಸರಳ. ನಂಬಿಕೆ ಕಳೆದುಕೊಂಡವನಿಗೆ ಮುಂದಿನ ಸುತ್ತಿನಲ್ಲಿ ಬೆನ್ನಾಸರೆ ಕೊಡುವವರಿಲ್ಲ, ಬೆನ್ನಾಸರೆ ಇಲ್ಲದ ಪಡೆ ಇದ್ದಲ್ಲಿಂದ ಕದಲುವುದಿಲ್ಲ. ಒಳ್ಳೆಯ ಆಟಗಾರ ಒಂದು ಸಲ ಬೆನ್ನಿಗೆ ಇರಿಯಬಹುದು. ಅದು ಆಟವನ್ನೇ ಮುಗಿಸುವ ಇರಿತವಾಗಿರಬೇಕು, ಇಲ್ಲದಿದ್ದರೆ ಇರಿದವನೇ ಒಂಟಿಯಾಗುತ್ತಾನೆ.

ಇಟ್ಟಿಗಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನನ್ನದೊಂದು ಕೋರಿಕೆ. ಈ ಆಟವನ್ನು ವಿದೇಶದಿಂದ ತರಿಸಬೇಕಾಗಿಲ್ಲ. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ನಮ್ಮದೇ ನಕ್ಷೆ ಬರೆಸಿ. ತುಂಗಭದ್ರೆ ಮತ್ತು ಹಗರಿ ಇರಲಿ, ಉಚ್ಚಂಗಿದುರ್ಗ, ಜರಿಮಲೆ, ಗುಡೇಕೋಟೆ, ಮಾಯಕೊಂಡ ನೆಲೆಗಳಾಗಲಿ. ಏಳು ಮಕ್ಕಳಿಗೆ ಏಳು ಸಂಸ್ಥಾನ ಕೊಡಿ. ಪಡೆಗೆ ಹುಣಸೆಬೀಜ, ಬಳೆಚೂರು ಸಾಕು. ಹತ್ತು ನಿಮಿಷ ಮಾತಾಡಲು ಬಿಡಿ, ಆಮೇಲೆ ಚೀಟಿ ಬರೆಸಿ, ಒಟ್ಟಿಗೆ ಬಿಚ್ಚಿಸಿ. ಹೈದರನನ್ನು ನಕ್ಷೆಯ ಹೊರಗೆ ಒಂದೇ ಪಡೆಯೊಂದಿಗೆ ನಿಲ್ಲಿಸಿ. ಅವನನ್ನು ನೆರವಿಗೆ ಕರೆದವರಿಗೆ ಆ ಸುತ್ತಿನಲ್ಲಿ ಎರಡು ಪಡೆಯ ಬಲ, ಆದರೆ ಪ್ರತಿ ಕರೆಗೂ ಅವನಿಗೆ ಒಂದು ನೆಲೆ. ಮೊದಲು ಕರೆಯುವವರು ಯಾರು, ಕರೆಯಬೇಡ ಎಂದು ಉಳಿದವರನ್ನು ಒಪ್ಪಿಸುವ ಮಗು ಯಾವುದು ಎಂದು ನೋಡಿ. ನಾಲ್ಕು ಪುಟದ ಪಾಠ ಹೇಳದ್ದನ್ನು ಮಕ್ಕಳು ಒಂದು ಮಧ್ಯಾಹ್ನದಲ್ಲಿ ತಾವೇ ಕಂಡುಕೊಳ್ಳುತ್ತಾರೆ. ಆಟ ಮುಗಿದ ಮೇಲೆ ಅವರನ್ನು ಒಮ್ಮೆ ಜರಿಮಲೆಗೋ ಉಚ್ಚಂಗಿದುರ್ಗಕ್ಕೋ ಕರೆದುಕೊಂಡು ಹೋಗಿ. ಎರಡೂ ನಮ್ಮ ಜಿಲ್ಲೆಯೊಳಗೇ ಇವೆ, ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು.